ಕೈ ಕಟ್ಟಿಕೊಂಡು ಕಲಿಸಿದ ಹನುಮೇಶ

ಹನುಮೇಶ ಮೊದಲ ಸಲ ಅಡುಗೆಕೋಣೆಯ ಬಾಗಿಲಿಗೆ ಬಂದು ನಿಂತವನು ಕೇಳಿದ್ದು ಕರೆಂಟು. ದಸರಾ ರಜೆ ಮುಗಿದು ಶಾಲೆ ತೆರೆದ ವಾರ ಅದು. ಚಿಕ್ಕಮುನಿಯಮ್ಮ ಮಕ್ಕಳ ಹಾಲು ಕಾಯಿಸಿದ ದೊಡ್ಡ ಪಾತ್ರೆಯನ್ನು ಬಚ್ಚಲ ಕಲ್ಲಿನ ಮೇಲೆ ವಾಲಿಸಿಕೊಂಡು, ತಳ ಹಿಡಿದಿದ್ದನ್ನು ತೆಂಗಿನ ನಾರಿನಿಂದ ಉಜ್ಜುತ್ತಿದ್ದಳು. ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದರೆ ಮೂವತ್ತೈದು ದಾಟಿದ ಒಬ್ಬ ಗಂಡಸು. ಇಸ್ತ್ರಿ ಮಾಡಿದ ಅಂಗಿ, ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಸುರುಳಿ ಸುತ್ತಿದ ಉದ್ದನೆಯ ವೈರು.

“ಅಮ್ಮಾರ, ಈ ಪ್ಲಗ್ಗಿನಾಗ ಕರೆಂಟ್ ಬರ್ತೈತೇನ್ರಿ?”

“ಬತ್ತದೆ. ಯಾಕೆ ಸಾರ್?”

“ಆ ಟ್ರೇನಿಂಗ್ ರೂಮಿನಾಗ ನಾಕು ಪ್ಲಗ್ ಅದಾವ್ರಿ. ನಾಕೂ ಸತ್ತಾವ.”

“ಅವು ಉಟ್ಟಿದ್ದೇ ಅಂಗೆ. ಬಿಲ್ಡಿಂಗ್ ಕಟ್ಟಿದ ಕಂಟ್ರಾಕ್ಟರು ಒಳಗೆ ವೈರೇ ಎಳೆದಿಲ್ಲ. ಗೋಡೆಗೆ ಡಬ್ಬಿ ಬಡಿದು ಬಿಲ್ಲು ತಕ್ಕೊಂಡ.”

ಅವನು ನಕ್ಕ. ಹಲ್ಲು ಕಾಣದ ಹಾಗೆ, ಮೂಗಿನಲ್ಲೇ ನಗುವ ಅಭ್ಯಾಸ ಅವನದು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದು, ಮಿಕ್ಸಿಯ ಪ್ಲಗ್ಗು ಕಿತ್ತು, ತನ್ನದನ್ನು ಚುಚ್ಚಿದ. ಅಂದಿನಿಂದ ತರಬೇತಿ ಇದ್ದ ದಿನವೆಲ್ಲ ಅವನ ವೈರು ಅಡುಗೆಕೋಣೆಯ ಹೊಸಿಲು ದಾಟಿ, ಜಗಲಿಯ ಉದ್ದಕ್ಕೂ ಮಲಗಿ, ಆ ಕೋಣೆಯೊಳಗೆ ಹೋಗುತ್ತಿತ್ತು. ಚಿಕ್ಕಮುನಿಯಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು, “ತುಳೀಬ್ಯಾಡ್ರೋ, ನೆಗೆದು ಓಗ್ರೋ” ಎಂದು ಮಕ್ಕಳಿಗೆ ಕೂಗಿ ಹೇಳುತ್ತಿದ್ದಳು.

ಅದು ಹೊಸೂರು ರಸ್ತೆಯಿಂದ ಒಳಕ್ಕೆ, ಸಿಂಗಸಂದ್ರ ದಾಟಿದ ಮೇಲೆ ಸಿಗುವ ಸರ್ಕಾರಿ ಶಾಲೆ. ಒಂದು ಕಾಲಕ್ಕೆ ಊರಾಗಿದ್ದದ್ದು ಈಗ ಅಪಾರ್ಟ್‌ಮೆಂಟುಗಳ ನಡುವೆ ಉಳಿದ ಎರಡು ಬೀದಿ. ಊರಿನವರ ಮಕ್ಕಳು ಮನೆ ಬಾಗಿಲಿಗೆ ಬಸ್ಸು ಬರುವ ಶಾಲೆಗಳಿಗೆ ಹೋಗುತ್ತಿದ್ದರು. ಇಲ್ಲಿಗೆ ಬರುತ್ತಿದ್ದವರು ಕಟ್ಟಡದ ಕೆಲಸಕ್ಕೆಂದು ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯಿಂದ ಬಂದವರ ಮಕ್ಕಳು. ಚಿಕ್ಕಮುನಿಯಮ್ಮ ಊರಿನವಳೇ. ಗಂಡ ತೀರಿಕೊಂಡ ವರ್ಷ ಶಾಲೆಯ ಕೆಲಸಕ್ಕೆ ಸೇರಿದವಳು. ಮಕ್ಕಳ ಊಟ ವ್ಯಾನಿನಲ್ಲಿ ಬರುತ್ತಿತ್ತು. ಹಾಲು ಕಾಯಿಸುವುದು, ಬಡಿಸುವುದು, ತೊಳೆಯುವುದು ಅವಳ ಪಾಲು. ಸುತ್ತಲಿನ ಶಾಲೆಗಳ ಟೀಚರುಗಳು ತರಬೇತಿಗೆಂದು ಸೇರುವ ದಿನ ಮಾತ್ರ ಅವರಿಗಾಗಿ ಒಲೆ ಹಚ್ಚಿ ಅಡುಗೆ ಮಾಡಬೇಕಿತ್ತು.

ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿ ಈ ಶಾಲೆಗಳಿಗೆಲ್ಲ ಬೆರಳಿಂದ ಮುಟ್ಟಿದರೆ ಕೆಲಸ ಮಾಡುವ ಒಂದೊಂದು ದೊಡ್ಡ ಟಿವಿ, ಒಂದಷ್ಟು ಟ್ಯಾಬು ದಾನ ಕೊಟ್ಟಿತ್ತು. ಅವನ್ನಿಟ್ಟುಕೊಂಡು ಪಾಠ ಮಾಡುವುದು ಹೇಗೆಂದು ಟೀಚರುಗಳಿಗೆ ಹೇಳಿಕೊಡಲು ಹನುಮೇಶನನ್ನು ಆ ಶಾಲಾ ವರ್ಷದ ಮಟ್ಟಿಗೆ ನೇಮಿಸಿತ್ತು. ತಿಂಗಳಿಗೊಮ್ಮೆ ಎಲ್ಲರೂ ಈ ಶಾಲೆಯಲ್ಲಿ ಸೇರಬೇಕು. ವರ್ಷದ ಕೊನೆಗೆ ಕಂಪನಿಯವರು ಬಂದು ಟೀಚರುಗಳನ್ನೇ ಕೇಳುತ್ತಾರೆ. ಅವರು ಹೇಳಿದ್ದನ್ನು ನೋಡಿ ಇನ್ನೊಂದು ವರ್ಷ ನಡೆಸುವುದೋ, ನಿಲ್ಲಿಸುವುದೋ ಎಂದು ತೀರ್ಮಾನ ಮಾಡುತ್ತಾರೆ.

“ಇನ್ನೊಂದು ವರ್ಷ ಸಿಗಬೇಕ್ರಿ ಅಮ್ಮಾರ,” ಎನ್ನುತ್ತಿದ್ದ ಹನುಮೇಶ. “ಮೊದಲ್ನೇ ವರ್ಷ ಬರೇ ಅಂಜಿಕಿ ಬಿಡಿಸೋದ್ರಾಗ ಹೋಗ್ತೈತಿ. ಅವರು ತಾವಾಗೇ ಪಾಠ ಮಾಡೋದು ಎರಡ್ನೇ ವರ್ಷದಾಗ.”

ಅವನು ಸಿಂಧನೂರಿನ ಒಂದು ಖಾಸಗಿ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವನು. ಸರ್ಕಾರಿ ಮೇಷ್ಟ್ರಾಗಬೇಕೆಂದು ಎರಡು ಸಲ ಪರೀಕ್ಷೆ ಬರೆದ. ಎರಡು ಸಲವೂ ಆಗಲಿಲ್ಲ, ಅಷ್ಟರಲ್ಲಿ ವಯಸ್ಸು ಮೀರಿತು. ಹೆಂಡತಿ, ಮಗಳನ್ನು ಊರಲ್ಲೇ ಬಿಟ್ಟು ಸಿಂಗಸಂದ್ರದಲ್ಲಿ ಒಂದು ರೂಮು ಮಾಡಿಕೊಂಡಿದ್ದ. ಕಲಿಸುವ ಕೆಲಸ ಅಂತ ಅವನಿಗೆ ಉಳಿದಿದ್ದು ಇದೊಂದೇ. ಚಿಕ್ಕಮುನಿಯಮ್ಮನಿಗೆ ಟ್ಯಾಬು ಗೊತ್ತಿರಲಿಲ್ಲ, ಕಂಪನಿ ಗೊತ್ತಿರಲಿಲ್ಲ. ಆದರೆ ಅವನಿಗೆ ಇನ್ನೊಂದು ವರ್ಷ ಬೇಕಾಗಿದೆ ಅನ್ನುವುದು ಚೆನ್ನಾಗಿ ಗೊತ್ತಿತ್ತು.

ಮೊದಲ ತರಬೇತಿಯ ದಿನ ಹೆಡ್ಮಾಸ್ಟರ್ ನರಸಿಂಹಯ್ಯನವರು ತಮ್ಮ ಕೋಣೆಯ ಬೀರುವಿನ ಬೀಗ ತೆಗೆದು ಟ್ಯಾಬುಗಳನ್ನು ಒಂದೊಂದಾಗಿ ಎಣಿಸಿ ಕೊಟ್ಟರು. ಆಯುಧಪೂಜೆಗೆ ಹಚ್ಚಿದ ಅರಿಸಿನ ಕುಂಕುಮದ ಬೊಟ್ಟು ಮೇಲಿನ ಪ್ಲಾಸ್ಟಿಕ್ಕಿನ ಮೇಲೆ ಹಾಗೇ ಇತ್ತು. ಪ್ಲಾಸ್ಟಿಕ್ಕು ತೆಗೆಯಬಾರದು ಅಂತ ಅವರ ಅಪ್ಪಣೆ. ಹನುಮೇಶ ಅದರ ಮೇಲಿಂದಲೇ ಒತ್ತಿ ತೋರಿಸಬೇಕಾಯಿತು.

ಬೆಳಗ್ಗೆಯಿಂದ ಊಟದ ಹೊತ್ತಿನವರೆಗೆ ಅವನೊಬ್ಬನೇ ಮಾತಾಡಿದ. ಪರದೆಯ ಮೇಲೆ ಅಕ್ಷರ ಹಾರಿ ಬಂದವು, ಉರುಳಿ ಹೋದವು. ಚಹಾ ಕೊಡಲು ಹೋದ ಚಿಕ್ಕಮುನಿಯಮ್ಮ ನೋಡಿದಳು: ಮುಂದಿನ ಸಾಲಿನವರು ಮಕ್ಕಳ ನೋಟ್ಸ್ ಪುಸ್ತಕ ತಿದ್ದುತ್ತಿದ್ದರು, ಆಟದ ಮೇಷ್ಟ್ರು ರಾಜೇಂದ್ರ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಿದ್ದರು. ಇದೇ ಶಾಲೆಯ ಮೂರನೇ ತರಗತಿಯ ನಾಗಲಕ್ಷ್ಮಮ್ಮ ಟೀಚರು ಎಲ್ಲರಿಗಿಂತ ಹಿರಿಯರು, ಬಾಯಿ ಜೋರು. ಹನುಮೇಶ, “ಡೌಟ್ ಇದ್ರ ಕೇಳ್ರಿ” ಅಂದ ತಕ್ಷಣ ಅವರು ಎದ್ದು ನಿಂತರು.

“ಸಾರ್, ನೀವು ಹೇಳಿದ್ದೆಲ್ಲ ಅರ್ಥ ಆಯ್ತು. ಊಟಕ್ಕೇನು ಅನ್ನೋದೊಂದು ಗೊತ್ತಾಗ್ಲಿಲ್ಲ.”

ಕೋಣೆಗೆ ಕೋಣೆಯೇ ನಕ್ಕಿತು. ನಿದ್ದೆಯಲ್ಲಿದ್ದ ರಾಜೇಂದ್ರ ಕೂಡ ನಕ್ಕರು. ಹನುಮೇಶನೂ ಮೂಗಿನಲ್ಲಿ ನಕ್ಕ. ಊಟ ಮುಗಿಸಿ, ಸಹಿ ಹಾಕಿ, ಫೋಟೋಗೆ ನಿಂತು, ಎಲ್ಲರೂ ಬಸ್ಸು ಹಿಡಿಯಲು ಹೊರಟರು.

ಆ ಸಂಜೆ ಅವನು ಅಡುಗೆಕೋಣೆಯಲ್ಲಿ ಮಣೆ ಎಳೆದುಕೊಂಡು ಕೂತ. ಉಳಿದಿದ್ದ ಚಿತ್ರಾನ್ನ ಹಾಕಿಕೊಟ್ಟರೆ ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡು ಉಣ್ಣಲಿಲ್ಲ.

“ಉಣ್ಣಪ್ಪಾ. ಅನ್ನದ ಮುಂದೆ ಕುಂತು ಯೋಚ್ನೆ ಮಾಡ್ಬಾರದು.”

“ಅಮ್ಮಾರ, ನಿಮಗೊಂದು ಪಾಠ ಹೇಳ್ತೀನಿ. ತಿಳೀತೋ ಇಲ್ಲೋ ಹೇಳ್ತೀರೇನ್ರಿ?”

“ನಂಗಾ? ನಂಗೆ ಹೆಸರು ಬರೆಯೋದು ಬಿಟ್ರೆ ಬಸ್ಸಿನ ಬೋರ್ಡು ಓದೋಕೆ ಬತ್ತದೆ, ಅಷ್ಟೇ ಕಣಪ್ಪ.”

“ಅದಕ್ಕೇ ನಿಮಗ ಹೇಳ್ತೀನಿ. ಅವರು ತಿಳೀದಿದ್ರೂ ತಿಳೀತು ಅಂತಾರ. ನೀವು ಹಂಗ ಅನ್ನಂಗಿಲ್ಲ.”

ಅಲ್ಲಿಂದ ಶುರುವಾಯಿತು. ಮುಂದಿನ ತರಬೇತಿಗೆ ಏನು ಮಾಡಬೇಕೆಂದು ಅವನು ಚಾರ್ಟ್ ಹಾಳೆಯ ಮೇಲೆ ಚಿತ್ರ ಬರೆದು, ಮಕ್ಕಳು ಮನೆಗೆ ಹೋದ ಮೇಲೆ ಅಡುಗೆಕೋಣೆಗೆ ತರುತ್ತಿದ್ದ. ತನ್ನದೇ ಒಂದು ಹಳೇ ಟ್ಯಾಬು ಅವಳ ಕೈಗೆ ಕೊಡುತ್ತಿದ್ದ. ಅವಳು ಒತ್ತಿದರೆ ಅದು ಮಾತೇ ಕೇಳುತ್ತಿರಲಿಲ್ಲ. ಪಾತ್ರೆ ಉಜ್ಜಿ ಉಜ್ಜಿ ಬೆರಳಿನ ತುದಿ ಒಣಗಿ ಗಟ್ಟಿಯಾಗಿತ್ತು. ಒದ್ದೆ ಬಟ್ಟೆಗೆ ಬೆರಳು ಒರೆಸಿ ಒತ್ತಿದರೆ ಆಗುತ್ತಿತ್ತು. ಅದನ್ನು ಕಂಡು ಹನುಮೇಶ, “ಟೀಚರುಗಳ ಬೆರಳಿನಾಗೂ ಚಾಕ್‌ಪೀಸಿನ ಪುಡಿ ಇರ್ತೈತ್ರಿ, ಅದಕ್ಕೇ ಅವರದೂ ಕೇಳಂಗಿಲ್ಲ” ಎಂದು ತನ್ನ ಹಾಳೆಯ ಮೇಲೆ ಒಂದು ಒದ್ದೆ ಬಟ್ಟೆಯ ಚಿತ್ರ ಸೇರಿಸಿದ. ಅಷ್ಟು ಸಣ್ಣದಕ್ಕೂ ಅವನ ಮುಖ ಅರಳುತ್ತಿತ್ತು.

ಎರಡನೇ ತರಬೇತಿಗೆ ಆಟ ಹೂಡಿದ. ಗುಂಪು ಮಾಡಿದ, ಗೆದ್ದವರಿಗೆ ಕಡಲೆ ಮಿಠಾಯಿ ಅಂದ. ಆಟಕ್ಕೆ ನೆಟ್‌ವರ್ಕ್ ಬೇಕು. ಸುತ್ತ ಇಷ್ಟೊಂದು ಕಂಪನಿ ಇದ್ದರೂ ಆ ಕೋಣೆಯೊಳಗೆ ನೆಟ್‌ವರ್ಕ್ ಬರುತ್ತಿರಲಿಲ್ಲ. ಅವನು ಫೋನು ಎತ್ತಿ ಹಿಡಿದುಕೊಂಡು ಕಿಟಕಿಯಿಂದ ಕಿಟಕಿಗೆ ಓಡಾಡಿದ. ಅವರೆಕಾಯಿ ಕಾಲ. ನಾಗಲಕ್ಷ್ಮಮ್ಮ ಟೀಚರು ಬರುವಾಗ ದಾರಿಯಲ್ಲಿ ಕೊಂಡಿದ್ದ ಚೀಲವನ್ನು ಮೇಜಿನ ಮೇಲೆ ಸುರಿದರು. “ನೆಟ್‌ವರ್ಕ್ ಬರೋವರ್ಗೂ ಕೈಗೆ ಕೆಲಸ ಬೇಡ್ವೇನ್ರೀ,” ಎಂದರು. ಎಲ್ಲರೂ ಸುತ್ತ ಕೂತು ಕಾಯಿ ಬಿಡಿಸಿದರು. ಒಬ್ಬ ಟೀಚರ ಕೈಗೆ ಹನುಮೇಶ ಟ್ಯಾಬು ಕೊಟ್ಟ. ಆಕೆ ತಪ್ಪು ಒತ್ತಿದಳು. “ಕೊಡ್ರಿ ಮೇಡಂ ಇಲ್ಲಿ,” ಎಂದು ಅವನು ಕಸಿದುಕೊಂಡು ತಾನೇ ಮಾಡಿ ತೋರಿಸಿದ. ಇನ್ನೊಬ್ಬರಿಗೆ ಕೊಟ್ಟ, ಮತ್ತೆ, “ಕೊಡ್ರಿ ಇಲ್ಲಿ.” ಅರ್ಥ ಆಯ್ತೇನ್ರಿ ಅಂದರೆ ಎಲ್ಲರೂ, “ಆಯ್ತು ಸಾರ್!”

ಆ ಸಂಜೆ ಅವನು ಬಂದಾಗ ಚಿಕ್ಕಮುನಿಯಮ್ಮನ ಕೈಯಲ್ಲಿ ಅವನ ಹಳೇ ಟ್ಯಾಬು ಇತ್ತು. ಒಂದು ಗುರುತು ಒತ್ತುವ ಬದಲು ಅವಳು ಇನ್ನೊಂದು ಒತ್ತಿದಳು.

“ಕೊಡ್ರಿ ಇಲ್ಲಿ.”

“ತಡಿಯಪ್ಪಾ!” ಅವಳು ಟ್ಯಾಬನ್ನು ಸೆರಗಿನೊಳಗೆ ಎಳೆದುಕೊಂಡಳು. “ಯಾವಾಗ್ಲೂ ನೀನೇ ಕಿತ್ಕೋತೀಯ. ನಂಗೆ ಯಾವಾಗ ಬರೋದು?”

ಒಲೆಯ ಮೇಲೆ ನೀರು ಮರಳುತ್ತಿತ್ತು. ಹನುಮೇಶ ಗೂಟದಲ್ಲಿ ತೂಗುಹಾಕಿದ್ದ ಅವಳ ಕೈ ಒರೆಸುವ ಟವಲು ತೆಗೆದು, ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಮಾಡಿ, “ಅಮ್ಮಾರ, ಇದನ್ನ ಕಟ್ರಿ” ಅಂದ.

“ಹುಚ್ಚೇನಪ್ಪ ನಿಂಗೆ?”

“ಕಟ್ರಿ ಅಂದೆ.”

ಅವಳು ನಗುತ್ತಾ ಸಡಿಲಾಗಿ ಒಂದು ಗಂಟು ಹಾಕಿದಳು. ಅವನು ಮಣೆಯ ಮೇಲೆ ಕೂತು ಬಾಯಲ್ಲಿ ಮಾತ್ರ ಹೇಳಿಕೊಟ್ಟ. ಒಂದು ಫೋಟೋ ತೆಗೆದು, ಅದರ ಮೇಲೆ ತನ್ನ ಧ್ವನಿ ಹಿಡಿಯುವಷ್ಟು ಚಿಕ್ಕ ಕೆಲಸ. ಅವಳು ತಪ್ಪಿದಳು, ಇನ್ನೊಮ್ಮೆ ತಪ್ಪಿದಳು. ಅವನ ಭುಜ ಎಳೆಯುತ್ತಿತ್ತು, ಕೈ ಒದ್ದಾಡುತ್ತಿತ್ತು, ಬಿಡಿಸಿಕೊಳ್ಳಲಿಲ್ಲ. ಅವಳಿಗೆ ಕೊನೆಗೂ ಬರಲಿಲ್ಲ, ನಿಜ. ಆದರೆ ಎಲ್ಲಿ ಬರಲಿಲ್ಲ ಅನ್ನುವುದು ಇಬ್ಬರಿಗೂ ತಿಳಿಯಿತು. ಹನುಮೇಶ ಹಿಂದಿನ ಹಾಳೆಗಳನ್ನೆಲ್ಲ ಬದಿಗಿಟ್ಟು ಹೊಸದಾಗಿ ಬರೆಯಲು ಕೂತ.

ಮೂರನೇ ತರಬೇತಿ ಸಂಕ್ರಾಂತಿ ಕಳೆದ ಮೇಲೆ. ಈ ಸಲ ನೆಟ್‌ವರ್ಕಿನ ಹಂಗಿಲ್ಲದ ಕೆಲಸ ಹುಡುಕಿದ್ದ. ‘ನಿಮ್ಮ ತರಗತಿಯಲ್ಲಿ ಮಕ್ಕಳಿಗೆ ಯಾವುದು ತಲೆಗೆ ಹೋಗುತ್ತಿಲ್ಲವೋ ಅದೊಂದನ್ನು ಯೋಚಿಸಿಕೊಂಡು ಬನ್ನಿ’ ಎಂದು ಮೊದಲೇ ಹೇಳಿ ಕಳಿಸಿದ್ದ. ನಾಗಲಕ್ಷ್ಮಮ್ಮನವರ ಚೀಲ ಬರುವುದು ಗೊತ್ತಿದ್ದೇ ಚಿಕ್ಕಮುನಿಯಮ್ಮನ ಹತ್ತಿರ ಮೊರ ಕೇಳಿ ತರಿಸಿ ಮೇಜಿನ ನಡುವೆ ಇಟ್ಟ. ನರಸಿಂಹಯ್ಯನವರ ಹತ್ತಿರ ಗೋಗರೆದು, ಆ ಒಂದು ದಿನದ ಮಟ್ಟಿಗೆ ಪ್ಲಾಸ್ಟಿಕ್ಕು ಬಿಚ್ಚಲು ಒಪ್ಪಿಸಿದ್ದ. ಆಮೇಲೆ ಎಲ್ಲರ ಮುಂದೆ ಬೆನ್ನು ತಿರುಗಿಸಿ ನಿಂತು, ಟವಲು ಕೊಟ್ಟು, ತನ್ನ ಕೈ ಕಟ್ಟಲು ರಾಜೇಂದ್ರರನ್ನು ಕರೆದ.

“ಏನ್ ಸಾರ್, ಪೊಲೀಸ್ನೋರು ಹಿಡ್ಕೊಂಡ್ ಹೋಗ್ತಾರಾ?”

“ಹೌದ್ರಿ. ಇವತ್ತು ನಾನು ಕೈದಿ. ಟ್ಯಾಬು ನಿಮ್ಮ ಕೈಯಾಗ. ನಾನು ಮುಟ್ಟಿದ್ರ ಎಲ್ಲಾರಿಗೂ ಹೋಳಿಗೆ ಊಟ ಹಾಕಸ್ತೀನಿ.”

“ಮುಟ್ಟಿಸ್ರೋ ಹೆಂಗಾದ್ರೂ ಮಾಡಿ!” ಎಂದರು ಯಾರೋ. ಅಂದು ಯಾರೂ ನೋಟ್ಸ್ ತಿದ್ದಲಿಲ್ಲ.

ನಾಗಲಕ್ಷ್ಮಮ್ಮನವರ ಮಕ್ಕಳಿಗೆ ಐದರ ಮಗ್ಗಿ ತಲೆಗೆ ಹೋಗುತ್ತಿರಲಿಲ್ಲ. ಬಾಯಿಪಾಠ ಒಪ್ಪಿಸುತ್ತಿದ್ದವೇ ಹೊರತು ಐದು ಮೂರು ಸಲ ಅಂದರೆ ಏನೆಂದು ಗೊತ್ತಿರಲಿಲ್ಲ. ಅವರು ಮೊರದ ಮೇಲೆ ಅವರೆಕಾಳನ್ನು ಐದೈದರ ಸಾಲಾಗಿ ಜೋಡಿಸಿದರು. ಒದ್ದೆ ಬಟ್ಟೆಗೆ ಬೆರಳು ಒರೆಸಿಕೊಂಡರು. ಒಂದು ಸಾಲಿಗೆ ಒಂದು ಫೋಟೋ, ಎರಡು ಸಾಲಿಗೆ ಇನ್ನೊಂದು. ಎಲ್ಲಿ ಒತ್ತಬೇಕೆಂದು ತಿಳಿಯದಾದಾಗ, “ಸಾರ್, ಇದು ಒಲ್ಲೆ ಅಂತದೆ, ಬನ್ನಿ ಇಲ್ಲಿ” ಎಂದು ಕೂಗಿದರು. ಹನುಮೇಶ ಬಂದು ಪಕ್ಕದಲ್ಲಿ ನಿಂತ. ಹಣೆಯಲ್ಲಿ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಆಗದು. “ನೀವೇ ನೋಡ್ರಿ ಟೀಚರ್. ಅವಸರಿಲ್ಲ,” ಅಂದ. ಚಹಾ ತಟ್ಟೆ ಹಿಡಿದು ಬಂದಿದ್ದ ಚಿಕ್ಕಮುನಿಯಮ್ಮ ಅವರಿಬ್ಬರ ಎದುರಿಗೇ ನಿಂತಿದ್ದಳು. ನಾಗಲಕ್ಷ್ಮಮ್ಮ ಟ್ಯಾಬನ್ನು ದೂರ ಹಿಡಿದರು, ಹತ್ತಿರ ತಂದರು, ಕನ್ನಡಕ ಮೇಲಕ್ಕೇರಿಸಿದರು, ತುಟಿ ಕಚ್ಚಿಕೊಂಡು ಒತ್ತಿದರು.

ದೊಡ್ಡ ಟಿವಿಯಲ್ಲಿ ಅವರೆಕಾಳಿನ ಸಾಲು ಮೂಡಿತು. ಅದರೊಳಗಿಂದ ನಾಗಲಕ್ಷ್ಮಮ್ಮನವರದೇ ದನಿ: “ಐದೊಂದ್ಲ ಐದು. ನೋಡ್ಕೊಳ್ಳಿ ಮಕ್ಳಾ, ಒಂದು ಸಾಲು. ಐದೆರಡ್ಲ?” ಕಿಟಕಿಗೆ ಜೋತುಬಿದ್ದು ನೋಡುತ್ತಿದ್ದ ಮಕ್ಕಳು ಹೊರಗಿನಿಂದ ಒಂದೇ ಕೂಗಿಗೆ, “ಹತ್ತೂ!” ಎಂದವು.

“ಅಯ್ಯೋ, ನನ್ನ ಗಂಟಲು ಹಿಂಗಾ ಇರೋದು?” ಎಂದು ನಾಗಲಕ್ಷ್ಮಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು. ಮುಚ್ಚಿಕೊಂಡಲ್ಲೇ, “ಇನ್ನೊಂದ್ಸಲ ಹಾಕ್ತೀನಿ ಇರಿ,” ಎಂದು ತಾವೇ ಮತ್ತೆ ಒತ್ತಿದರು. ಹನುಮೇಶ ಹಲ್ಲು ಕಾಣುವ ಹಾಗೆ ನಕ್ಕಿದ್ದನ್ನು ಚಿಕ್ಕಮುನಿಯಮ್ಮ ನೋಡಿದ್ದು ಆ ಒಂದು ಸಲವೇ.

ಮಾರನೆಯ ಬೆಳಗ್ಗೆ ನಾಗಲಕ್ಷ್ಮಮ್ಮ ತಮ್ಮ ತರಗತಿಗೆ ಅದೇ ಪಾಠ ಹಾಕಬೇಕೆಂದು ಟ್ಯಾಬು ಕೇಳಲು ಹೋದರು. ನರಸಿಂಹಯ್ಯನವರು ಕೂತಲ್ಲೇ ಕೈ ಮುಗಿದರು.

“ಟೀಚರ್, ನನಗೆ ಬರೋ ವರ್ಷ ರಿಟೈರ್‌ಮೆಂಟು. ಪಕ್ಕದ ಶಾಲೇಲಿ ಮಗು ಕೈ ಜಾರಿ ಒಂದು ಒಡೆದೋಯ್ತು, ಆ ಹೆಡ್ಮಾಸ್ಟರ್ ಇವತ್ತಿಗೂ ಆಫೀಸಿಗೆ ಅಲೀತಾವ್ರೆ. ನಾನು ಇವನ್ನ ಹೆಂಗೆ ಇಸ್ಕೊಂಡೆನೋ ಹಂಗೇ ಒಪ್ಪಿಸಿ ಹೋಗ್ಬೇಕು. ತರಬೇತಿ ದಿನ ಬೇಕಾದ್ರೆ ಕುಣಿಸ್ಕೊಳ್ಳಿ.”

ಅವರು ಕೆಟ್ಟವರಲ್ಲ. ಮಕ್ಕಳಿಗೆ ಹಾಲು ಕಡಿಮೆ ಬಿದ್ದ ದಿನ ತಮ್ಮ ಮನೆಯಿಂದ ತರಿಸಿದವರು. ಬೀರು ಮಾತ್ರ ತೆರೆಯಲಿಲ್ಲ. ಹನುಮೇಶ ಮೂರು ಸಲ ಹೋಗಿ ಕೇಳಿದ. ಕೊನೆಗೆ ಅಡುಗೆಕೋಣೆಗೆ ಬಂದು, “ಮುಂದಿನ ವರ್ಷ ಮೊದಲು ಹೆಡ್ಮಾಸ್ಟರುಗಳಿಗೇ ತರಬೇತಿ ಇಡಬೇಕ್ರಿ,” ಎಂದು ಹೊಸ ಹಾಳೆ ಬಿಚ್ಚಿದ. ಮುಂದಿನ ವರ್ಷದ್ದು ಹಾಳೆ ಹಾಳೆಯಾಗಿ ಬೆಳೆಯುತ್ತಾ ಹೋಯಿತು. ಅವಳು ಅವನ್ನು ಎಣ್ಣೆ ತಾಗದ ಹಾಗೆ ಮೇಲಿನ ಹಲಗೆಯ ಮೇಲೆ ಇಟ್ಟುಕೊಡುತ್ತಿದ್ದಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಕಂಪನಿಯಿಂದ ಚಿರಂಜೀವಿ ಎಂಬ ಅಧಿಕಾರಿ ಬಂದ. ಕೊರಳಲ್ಲಿ ಗುರುತಿನ ಚೀಟಿಯ ಪಟ್ಟಿ, ಮಾತಿಗೊಂದು ನಗು. ಟೀಚರುಗಳು ಟ್ಯಾಬಿನಲ್ಲೇ ಅಭಿಪ್ರಾಯ ಒತ್ತಬೇಕು, ಆ ಹೊತ್ತಿನಲ್ಲಿ ಕಲಿಸಿದವರು ಎದುರಿಗೆ ಇರಬಾರದು ಎಂದ. ಹನುಮೇಶ ಹೊರಗೆ ಹೋಗಿ ಬಾವುಟದ ಕಂಬದ ಹತ್ತಿರ ನಿಂತ. ಒಂದು ಫೋನು ಬಂದು ಚಿರಂಜೀವಿಯೂ ಜಗಲಿಗೆ ಹೋದ.

ಅವನು ಹೊರಗೆ ಹೋದದ್ದೇ ತಡ, ನಾಗಲಕ್ಷ್ಮಮ್ಮ ದನಿ ತಗ್ಗಿಸಿ, “ನೋಡ್ರೀ, ಹನುಮೇಶ್ ಸಾರ್‌ಗೆ ಎಲ್ಲೂ ಒಂದು ಕಮ್ಮಿ ಬೀಳಬಾರದು. ಪೂರ್ತಿ ಪೂರ್ತಿ ಒತ್ತಬೇಕು,” ಎಂದರು.

“ಎಲ್ಲಾ ಪೂರ್ತಿ ಒತ್ತಿದ್ದೀನಿ ಮೇಡಂ. ಕೊನೇದು ನೋಡಿ,” ಎಂದರು ರಾಜೇಂದ್ರ. “‘ನಿಮಗೆ ಇನ್ನೂ ತರಬೇತಿ ಬೇಕೇ?’ ಅಂತ ಕೇಳವ್ರೆ.”

“ಬೇಕು ಅಂತ ಒತ್ತಿ.”

“ಬೇಕು ಅಂದ್ರೆ? ವರ್ಷವಿಡೀ ಕಲಿಸಿದ್ರೂ ಇವರಿಗೆ ಬಂದಿಲ್ಲ, ಮೇಷ್ಟ್ರು ಸರಿಯಿಲ್ಲ ಅಂತ ಆಗಲ್ವಾ?”

ಎಲ್ಲರೂ ಯೋಚಿಸಿದರು. ಇನ್ಸ್‌ಪೆಕ್ಷನ್ನಿಗೆ ಬಂದವರು ‘ಮಕ್ಕಳಿಗೆ ಬರುತ್ತಾ’ ಅಂದಾಗ ‘ಇನ್ನೂ ಬರಬೇಕು’ ಅಂದ ಟೀಚರಿಗೆ ಏನಾಗುತ್ತದೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಒಂದು ಹುಡುಗನ ಉತ್ತರ ಪತ್ರಿಕೆಯಲ್ಲಿ ಎರಡು ಅಂಕ ಹುಡುಕಿ ಸೇರಿಸುವಾಗಿನ ಅದೇ ಕರುಣೆ ಅವರ ಮುಖಗಳಲ್ಲಿ ಕಂಡಿತು.

“ಹೌದಲ್ವಾ? ಬೇಡ ಬೇಡ. ‘ಪೂರ್ತಿ ಕಲಿತಿದ್ದೇವೆ, ಇನ್ನು ಬೇಡ’ ಅಂತಾನೇ ಒತ್ತಿ ಎಲ್ಲಾರೂ,” ಎಂದರು ನಾಗಲಕ್ಷ್ಮಮ್ಮ. ಒದ್ದೆ ಬಟ್ಟೆ ಕೈಯಿಂದ ಕೈಗೆ ಹೋಯಿತು. ಒಬ್ಬರೂ ತಪ್ಪದೆ ಒತ್ತಿದರು.

ಒಳಗೆ ಬಂದ ಚಿರಂಜೀವಿ, ಚಹಾ ಲೋಟ ಎತ್ತುತ್ತಿದ್ದವಳನ್ನು ಕಂಡು, “ಅಜ್ಜಿ, ನೀವೂ ಒಂದು ಒತ್ತಿಬಿಡಿ” ಎಂದ. ಅವಳ ಮುಂದೆ ನಗುವ ಮುಖ, ಅಳುವ ಮುಖದ ಚಿತ್ರವಿದ್ದ ಟ್ಯಾಬು ಹಿಡಿದ. ಚಿಕ್ಕಮುನಿಯಮ್ಮ ನಗುವ ಮುಖ ಒತ್ತಿದಳು. ಅದು ಕೇಳಲಿಲ್ಲ. ಸೆರಗಿನ ತುದಿ ನೀರಲ್ಲಿ ಅದ್ದಿ, ಬೆರಳು ಒರೆಸಿಕೊಂಡು, ಅದು ಹೂಂ ಅನ್ನುವವರೆಗೆ ಒತ್ತಿದಳು.

“ಸಾರ್ ಕೆಲಸ ಗಟ್ಟಿ ಆಯ್ತು ಕಣ್ರೀ ಅಮ್ಮ,” ಎಂದು ನಾಗಲಕ್ಷ್ಮಮ್ಮ ಅಂದು ಎರಡು ಸಲ ಪಾಯಸ ಹಾಕಿಸಿಕೊಂಡರು.

ಸುದ್ದಿ ಬಂದದ್ದು ಯುಗಾದಿಗೆ ಮುಂಚೆ. ಹನುಮೇಶ ಫೋನು ಹಿಡಿದುಕೊಂಡು ಬಂದು ಬಾಗಿಲಲ್ಲೇ ನಿಂತ.

“ನೂರಕ್ಕ ನೂರಂತ್ರಿ ಅಮ್ಮಾರ.”

“ಒಳ್ಳೇದೇ ಅಲ್ವೇನಪ್ಪಾ! ಮತ್ಯಾಕೆ ಅಂಗೆ ಮಕ ಮಾಡ್ಕೊಂಡಿದ್ದೀಯ?”

“ಎಲ್ಲಾರೂ ಪೂರ್ತಿ ಕಲ್ತಾರಂತ. ಇನ್ನ ತರಬೇತಿ ಬ್ಯಾಡ ಅಂತ ಅವರೇ ಹೇಳ್ಯಾರಂತ. ಕೆಲಸ ಚೊಲೋ ಮುಗೀತು, ಇಲ್ಲಿಗೆ ನಿಲ್ಲಸ್ತೀವಿ ಅಂತ ಬರದಾರ್ರಿ.”

ಅವಳಿಗೆ ತಕ್ಷಣ ತಿಳಿಯಲಿಲ್ಲ. ತಿಳಿದಾಗ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಬಿಟ್ಟು, ಒದ್ದೆ ಕೈಯನ್ನೇ ನೋಡುತ್ತಾ ನಿಂತಳು. ಅಂದು ಕೋಣೆಯೊಳಗೆ ಏನು ನಡೆಯಿತೆಂದು ಇದ್ದದ್ದು ಇದ್ದ ಹಾಗೆ ಹೇಳಿದಳು: ಯಾರು ಏನೆಂದರು, ಯಾಕೆ ಒತ್ತಿದರು, ತಾನು ಒತ್ತಿದ್ದು ಯಾವುದು. ಅವನು ಪೂರ್ತಿ ಕೇಳಿದ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

“ಪ್ರೀತಿ ಮ್ಯಾಲೆ ಮಾಡ್ಯಾರ್ರಿ,” ಎಂದ ಅಷ್ಟೆ.

ಬೀಳ್ಕೊಡುಗೆಗೆ ಟೀಚರುಗಳು ತಾವೇ ಕೈಯಿಂದ ದುಡ್ಡು ಹಾಕಿ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ ತಂದಿದ್ದರು. ಕಂಪನಿಯ ಹುಡುಗರು ಬೆಳಗ್ಗೆಯೇ ಬಂದು ಟ್ಯಾಬುಗಳಲ್ಲಿ ಇದ್ದದ್ದನ್ನೆಲ್ಲ ಅಳಿಸಿ, ಹೊಸದರ ಹಾಗೆ ಮಾಡಿ ನರಸಿಂಹಯ್ಯನವರಿಗೆ ಒಪ್ಪಿಸಿದ್ದರು. ಅವರೆಕಾಳಿನ ಪಾಠವೂ ಅದರಲ್ಲೇ ಹೋಯಿತು. ಚಿರಂಜೀವಿ ಮೈಕು ಹಿಡಿದು, ಈ ಶಾಲೆ ಬೇರೆ ಶಾಲೆಗಳಿಗೆಲ್ಲ ಮಾದರಿ ಎಂದ. ಇಷ್ಟು ಹೊತ್ತಿಗೆ ವಿಷಯ ತಿಳಿದಿದ್ದ ನಾಗಲಕ್ಷ್ಮಮ್ಮನವರಿಗೆ ತಡೆಯಲಾಗಲಿಲ್ಲ. ಎದ್ದು ನಿಂತರು.

“ಸಾರ್, ತಪ್ಪಾಯ್ತು. ನಮಗ್ಯಾರಿಗೂ ಏನೂ ಬರಲ್ಲ. ಇವರನ್ನ ಇನ್ನೊಂದು ವರ್ಷ ಕೊಡಿ.”

ಚಿರಂಜೀವಿ ನಕ್ಕ. “ನೋಡಿ, ಕಲಿತವರ ವಿನಯ ಅಂದ್ರೆ ಇದು. ಮೇಡಂ, ನೀವು ಅವರೆಕಾಳಿನ ಪಾಠ ಮಾಡಿದ್ದು ನನಗೂ ಗೊತ್ತು. ಹನುಮೇಶ್ ಅದನ್ನ ಬರೆದು ಕಳಿಸಿದ್ರು.”

“ಅದು ನಾನು ಮಾಡಿದ್ದಲ್ಲ ಸಾರ್!” ಎಂದರು ನಾಗಲಕ್ಷ್ಮಮ್ಮ. “ಹನುಮೇಶ್ ಸಾರೇ ಒತ್ತಿದ್ದು ಎಲ್ಲಾ. ನಾನು ಸುಮ್ನೆ ಹಿಡ್ಕೊಂಡಿದ್ದೆ. ನನಗೆ ಆನ್ ಮಾಡೋಕೂ ಬರಲ್ಲ. ಬೇಕಾದ್ರೆ ಇವರನ್ನೆಲ್ಲ ಕೇಳಿ.”

“ಹೌದು ಸಾರ್,” ಎಂದರು ರಾಜೇಂದ್ರ. “ಅವರೇ ಒತ್ತಿದ್ದು. ನಾವೆಲ್ಲ ನೋಡಿದ್ದೀವಿ.” ಹೌದು ಹೌದು ಎಂದು ಕೋಣೆಯೆಲ್ಲ ದನಿಗೂಡಿಸಿತು. ಅಂದು ನೂರಕ್ಕೆ ನೂರು ಒತ್ತಿದವರೇ ಇಂದು ಸೊನ್ನೆ ಕೊಡಲು ಪೈಪೋಟಿಗೆ ಬಿದ್ದರು.

ಪೇಟ ತೊಟ್ಟು ಕುರ್ಚಿಯಲ್ಲಿ ಕೂತಿದ್ದ ಹನುಮೇಶ ಒಬ್ಬೊಬ್ಬರ ಮುಖವನ್ನೂ ನೋಡಿದ. ಬಾಗಿಲ ಹತ್ತಿರ ನಿಂತಿದ್ದ ಚಿಕ್ಕಮುನಿಯಮ್ಮನಿಗೆ, ಅವನ ಮುಖದಲ್ಲಿ ಉಳಿದಿದ್ದ ಸ್ವಲ್ಪ ಬೆಳಕೂ ಆರಿಹೋದದ್ದು ಕಂಡಿತು. ಚಿರಂಜೀವಿ ಮಾತ್ರ ಗಡಿಯಾರ ನೋಡಿಕೊಂಡು, ಮೇಲಿನವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ, ಮುಂದಿನ ವರ್ಷದ ದುಡ್ಡು ಕೆರೆ ಸ್ವಚ್ಛ ಮಾಡುವುದಕ್ಕೆ ಹೋಗಿದೆ ಎಂದು ಹೇಳಿ, ಎಲ್ಲರನ್ನೂ ಫೋಟೋಗೆ ಕರೆದ.

ಎಲ್ಲರೂ ಹೋದ ಮೇಲೆ ಹನುಮೇಶ ಅಡುಗೆಕೋಣೆಗೆ ಬಂದ. ಹಣ್ಣಿನ ಬುಟ್ಟಿ ತಂದು ಅವಳ ಮುಂದಿಟ್ಟು, “ಊರಿಗೆ ಹೋಗೋದ್ರಾಗ ಕೊಳೀತಾವ್ರಿ, ಮಕ್ಕಳಿಗೆ ಹಂಚ್ರಿ” ಅಂದ. ಅವಳು ಕಾಫಿ ಬೆರೆಸಿ ಕೊಟ್ಟಳು. ಮುಂದೇನು ಮಾಡುತ್ತೀಯ ಅಂದಳು. ಮಾರತ್ತಹಳ್ಳಿಯಲ್ಲಿ ಒಂದು ಕೆಲಸ ಇದೆ, ಮಕ್ಕಳ ಪಾಠದ ಆ್ಯಪನ್ನು ತಂದೆತಾಯಂದಿರಿಗೆ ಫೋನಿನಲ್ಲಿ ಮಾರುವುದು, ಅವರು ಬೇಡ ಅಂದರೂ ಬಿಡಬಾರದಂತೆ ಅಂದ. ಮೇಲಿನ ಹಲಗೆಯ ಹಾಳೆಗಳನ್ನು ಇಳಿಸಿ ಕೊಡಲೇ ಎಂದಳು. ಇರಲಿ ಬಿಡ್ರಿ, ಒಲೆ ಹಚ್ಚಾಕ ಆಗ್ತಾವ ಎಂದ.

ಲೋಟ ತೊಳೆಯಲು ಅವಳು ತಿರುಗಿದಳು. ಅವನು ಹೋದನೆಂದೇ ಅವಳು ತಿಳಿದಿದ್ದಳು. ಹೋಗಿರಲಿಲ್ಲ. ಹೊಸಿಲಾಚೆ ಚಪ್ಪಲಿ ಮೆಟ್ಟಿಕೊಂಡು, ಒಳಗೆ ನೋಡದೆ, ಜಗಲಿಯ ಕಡೆ ಮುಖ ಮಾಡಿ ನಿಂತಿದ್ದ.

“ಅಮ್ಮಾರ, ನೀವು ಆವತ್ತು ಎದುರಿಗೇ ನಿಂತಿದ್ರಿ. ಆ ಟೀಚರ್ ತಾನೇ ಒತ್ತಿದ್ದು, ಹೌದಲ್ರಿ? ನಾನಲ್ಲಲ್ರಿ?”